ಪೆನ್ಸಿಲ್‌ನಲ್ಲಿ ಫೋಟೋ ಥರ ಮುಖ: ಕಪ್ಪು ಮಿಂಚುತ್ತದೆ, ಚರ್ಮ ಗೊಂಬೆಯಂತಾಗುತ್ತದೆ, ಏನು ಮಾಡಲಿ?

ಬೂದುಗೆರೆ:
ಎಲ್ಲರಿಗೂ ನಮಸ್ಕಾರ. ನಾನು ಚಿತ್ರ ಬಿಡಿಸುವುದನ್ನು ಎಲ್ಲೂ ಹೋಗಿ ಕಲಿತವನಲ್ಲ. ಹಗಲು ಬೇರೆ ಕೆಲಸ, ರಾತ್ರಿ ಪೆನ್ಸಿಲ್. ಮೊದಲು ಸುಮ್ನೆ ಕಣ್ಣು, ಕೈ, ಗಾಜಿನ ಲೋಟ ಹೀಗೆ ಬಿಡಿಬಿಡಿಯಾಗಿ ಬಿಡಿಸುತ್ತಿದ್ದೆ. ಈಗ ಹೈಪರ್‌ರಿಯಲಿಸಂ ಹುಚ್ಚು ಹಿಡಿದಿದೆ, ಅಂದರೆ ಫೋಟೋನೇ ಅನ್ನಿಸುವಷ್ಟು ನಿಜದಂತೆ ಬಿಡಿಸುವುದು. ಸದ್ಯ ನಮ್ಮ ದೊಡ್ಡಪ್ಪನ ಮುಖ ನಡೆಯುತ್ತಿದೆ. ಫೋಟೋ ನಾನೇ ಮೊಬೈಲಿನಲ್ಲಿ ತೆಗೆದದ್ದು. ಎ3 ಅಳತೆಯ ನುಣುಪು ಬ್ರಿಸ್ಟಲ್ ಹಾಳೆ (ದಪ್ಪ ಡ್ರಾಯಿಂಗ್ ಕಾಗದ), 2ಎಚ್‌ನಿಂದ 8ಬಿ ತನಕ ಪೆನ್ಸಿಲ್ (ಎಚ್ ಅಂದರೆ ಗಟ್ಟಿ, ತಿಳಿ; ಬಿ ಅಂದರೆ ಮೆತ್ತಗೆ, ಕಪ್ಪು), ಜೊತೆಗೆ 0.5ರ ಮೆಕ್ಯಾನಿಕಲ್ ಪೆನ್ಸಿಲ್.

ಹೋಲಿಕೆ ಚೆನ್ನಾಗಿ ಬಂದಿದೆ. ನೋಡಿದವರು ತಕ್ಷಣ ಗುರುತು ಹಿಡಿಯುತ್ತಾರೆ. ಆದರೆ ಕಣ್ಣಿನ ಪಾಪೆ ಕಪ್ಪಾಗುವುದೇ ಇಲ್ಲ. 8ಬಿ ಎಷ್ಟು ಒತ್ತಿ ತಿಕ್ಕಿದರೂ ಬೂದು ಬಣ್ಣವೇ. ಮೇಲೆ ದೀಪದ ಬೆಳಕು ಬಿದ್ದರಂತೂ ಫಳಫಳ ಮಿಂಚುತ್ತದೆ. ಕೆನ್ನೆ ನೋಡಿದರೆ ಪ್ಲಾಸ್ಟಿಕ್ ಗೊಂಬೆಯ ಕೆನ್ನೆ. ಎಪ್ಪತ್ತು ದಾಟಿದವರ ಚರ್ಮ ಹಾಗಿರುತ್ತದಾ?

ಇನ್ನೊಂದು ಮಾತು. ಮನೆಯಲ್ಲಿ ಒಬ್ಬರು "ಇಷ್ಟು ಕಷ್ಟ ಯಾಕೆ, ಆ ಫೋಟೋನೇ ಪ್ರಿಂಟ್ ಹಾಕಿಸಬಹುದಿತ್ತಲ್ಲ" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಅದಕ್ಕೂ ಯಾರಾದರೂ ಏನಾದರೂ ಹೇಳಿ.

ಕೊರೆದಸೀಸ:
ಕಪ್ಪಿನ ವಿಷಯ ನನಗೆ ಬಿಡಿ. ಅದು ನಿಮ್ಮ ಕೈ ತೊಂದರೆ ಅಲ್ಲ, ಗ್ರಾಫೈಟ್‌ನ ಗುಣ. ಪೆನ್ಸಿಲ್ ಕಡ್ಡಿಯಲ್ಲಿರುವ ಗ್ರಾಫೈಟ್ ಅಂದರೆ ಇಂಗಾಲದ ತೆಳು ಪದರಗಳು. ಅವು ಒಂದರ ಮೇಲೊಂದು ಸುಲಭವಾಗಿ ಜಾರುತ್ತವೆ, ಅದಕ್ಕೇ ಹಾಳೆ ಮೇಲೆ ಗೆರೆ ಮೂಡುವುದು. ಒತ್ತಿ ತಿಕ್ಕಿದಷ್ಟೂ ಆ ಚಪ್ಪಟೆ ಚೂರುಗಳೆಲ್ಲ ಒಂದೇ ಕಡೆಗೆ ಮಲಗುತ್ತವೆ. ಬಿದ್ದ ಬೆಳಕು ಹಾಗೇ ಕಣ್ಣಿಗೆ ವಾಪಸ್ ಬರುತ್ತದೆ. ನೀವು ಕಪ್ಪು ಮಾಡುತ್ತಿದ್ದೇನೆ ಅಂದುಕೊಂಡಿದ್ದೀರಿ, ಅಲ್ಲಿ ನಡೆಯುತ್ತಿರುವುದು ಪಾಲಿಶ್.

ಬಿ ಸಂಖ್ಯೆ ಏರಿದಷ್ಟೂ ಮಿಂಚು ಜಾಸ್ತಿ ಆಗುವುದಕ್ಕೂ ಕಾರಣ ಇದೆ. ಫ್ರಾನ್ಸಿನವರಿಗೆ ಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಒಳ್ಳೆಯ ಗ್ರಾಫೈಟ್ ಸಿಗುತ್ತಿರಲಿಲ್ಲ. ಆಗ 1795ರಲ್ಲಿ ನಿಕೋಲಾ ಜಾಕ್ ಕಾಂಟೆ ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಕಲಸಿ, ಕಡ್ಡಿ ಮಾಡಿ ಸುಡುವ ವಿಧಾನಕ್ಕೆ ಪೇಟೆಂಟ್ ಪಡೆದರು. ಇವತ್ತಿಗೂ ಅದೇ ಲೆಕ್ಕ. ಮಣ್ಣು ಜಾಸ್ತಿಯಾದರೆ ಎಚ್ ಕಡೆ, ಗ್ರಾಫೈಟ್ ಜಾಸ್ತಿಯಾದರೆ ಬಿ ಕಡೆ. 8ಬಿಯಲ್ಲಿ ಮಿಂಚುವ ಸರಕೇ ಹೆಚ್ಚು, ಅಷ್ಟೇ.

ಹಾಗಾಗಿ ನಿಜವಾದ ಕಪ್ಪಿಗೆ ಸರಕು ಬದಲಿಸಿ. ಪಾಪೆ, ಮೂಗಿನ ಹೊಳ್ಳೆ, ತುಟಿಗಳ ನಡುವಿನ ಗೆರೆ, ಕಿವಿಯೊಳಗಿನ ಕತ್ತಲು, ಇಷ್ಟು ಕಡೆ ಇದ್ದಿಲು ಪೆನ್ಸಿಲ್ ಅಥವಾ ಕಾರ್ಬನ್ ಪೆನ್ಸಿಲ್ (ಪದರದ ಗ್ರಾಫೈಟ್ ಅಲ್ಲ, ಮಸಿಯಂಥ ಇಂಗಾಲದ್ದು) ಬಳಸಿ. ಸ್ಟೆಡ್ಲರ್‌ನ ಮಾರ್ಸ್ ಲೂಮೋಗ್ರಾಫ್ ಬ್ಲ್ಯಾಕ್‌ನಲ್ಲಿ ಕಾರ್ಬನ್ ಅಂಶ ಜಾಸ್ತಿ, ಮಿಂಚು ಕಡಿಮೆ. ಫೇಬರ್ ಕ್ಯಾಸಲ್‌ನ ಪಿಟ್ ಗ್ರಾಫೈಟ್ ಮ್ಯಾಟ್ ಪೆನ್ಸಿಲ್‌ಗಳು ಇರುವುದೇ ಮಿಂಚು ಬೇಡ ಅನ್ನುವವರಿಗೆ. ಆದರೆ ಒಂದು ಎಚ್ಚರ. ಗ್ರಾಫೈಟ್ ಹಚ್ಚಿ ನುಣುಪಾದ ಜಾಗದ ಮೇಲೆ ಇದ್ದಿಲು ಕೂರುವುದಿಲ್ಲ, ಜಾರುತ್ತದೆ. ಕಪ್ಪು ಬೇಕಾದ ಜಾಗಕ್ಕೆ ಮೊದಲೇ ಇದ್ದಿಲು ಹಾಕಿ, ಆಮೇಲೆ ಸುತ್ತ ಗ್ರಾಫೈಟ್ ತನ್ನಿ.

ಎರಡುಬಿ:
ಮೇಲಿನದಕ್ಕೆ ಒಂದು ಸೇರಿಸುತ್ತೇನೆ. ಕಪ್ಪು ಕಪ್ಪಾಗಿ ಕಾಣುವುದು ಪಕ್ಕದಲ್ಲಿ ಏನಿದೆ ಅನ್ನುವುದರ ಮೇಲೆ. ಎಲ್ಲ ಕಡೆ ನಡುಬೂದು ತುಂಬಿದ್ದರೆ ಎಂಥ ಕಪ್ಪೂ ಸಪ್ಪೆ. ಹಾಳೆಯ ಮೂಲೆಯಲ್ಲಿ ಸಣ್ಣ ಟೋನ್ ಪಟ್ಟಿ ಮಾಡಿಕೊಳ್ಳಿ. ಬಿಳಿಯಿಂದ ಕಪ್ಪಿಗೆ ಒಂಬತ್ತೋ ಹತ್ತೋ ಮನೆ. ಮುಖದ ಯಾವ ಜಾಗ ಯಾವ ಮನೆಗೆ ಸೇರುತ್ತದೆ ಅಂತ ಕಣ್ಣು ಕಿರಿದು ಮಾಡಿ ನೋಡಿ. ಕಣ್ಣಿನ ಬಿಳಿ ಭಾಗವನ್ನು ಸುಮಾರು ಜನ ಹಾಳೆಯ ಬಿಳಿಯಾಗಿಯೇ ಬಿಡುತ್ತಾರೆ. ಅದು ಗುಂಡಗಿನ ಗುಡ್ಡೆ, ಮೇಲೆ ರೆಪ್ಪೆಯ ನೆರಳು ಬೇರೆ. ಪಟ್ಟಿಗೆ ಹಿಡಿದು ನೋಡಿದರೆ ಮೂರನೇ ನಾಲ್ಕನೇ ಮನೆಗೆ ಬರುತ್ತದೆ.

ರಬ್ಬರ್‌ಪುಡಿ:
ಚರ್ಮದ ಬಗ್ಗೆ ನಾನು ಹೇಳುತ್ತೇನೆ. ಬೂದುಗೆರೆಯವರೇ, ನೀವು ಬೆರಳಲ್ಲಿ ಅಥವಾ ಟಿಶ್ಯೂನಲ್ಲಿ ತಿಕ್ಕಿ ಶೇಡ್ ಮಾಡುತ್ತಿದ್ದೀರಿ ಅಲ್ವಾ? ಗೊಂಬೆ ಕೆನ್ನೆ ಬರುವುದೇ ಅಲ್ಲಿಂದ. ತಿಕ್ಕಿದಾಗ ಹಾಳೆಯ ಸಣ್ಣ ಸಣ್ಣ ತಗ್ಗುಗಳೆಲ್ಲ ಒಂದೇ ಸಮ ತುಂಬಿಕೊಳ್ಳುತ್ತವೆ. ಬೆರಳಿನ ಜಿಡ್ಡೂ ಸೇರುತ್ತದೆ. ಜಿಡ್ಡು ಕೂತ ಜಾಗದಲ್ಲಿ ರಬ್ಬರ್ ಹಾಕಿದರೂ ಕಲೆ ಪೂರ್ತಿ ಹೋಗುವುದಿಲ್ಲ. ಕೈ ಕೆಳಗೆ ಯಾವಾಗಲೂ ಒಂದು ಬೇರೆ ಹಾಳೆ ಇಟ್ಟುಕೊಳ್ಳಿ.

ನಾನು ಚರ್ಮಕ್ಕೆ 2ಎಚ್ ಅಥವಾ ಎಚ್‌ನಿಂದ ಶುರು ಮಾಡುತ್ತೇನೆ. ಮೆಂಡರ್‌ನಲ್ಲಿ ಚೂಪು ಮಾಡಿ, ಭಾರವೇ ಹಾಕದೆ, ಸಣ್ಣ ಸಣ್ಣ ಸುತ್ತುಗಳು ಒಂದರ ಮೇಲೊಂದು ಬರುವ ಹಾಗೆ. ಪದರದ ಮೇಲೆ ಪದರ. ಆಮೇಲೆ ಎಚ್‌ಬಿ, ಕಡೆಗೆ 2ಬಿ. ಬ್ರಷ್‌ನಿಂದ ತೀರಾ ಹಗುರವಾಗಿ ಸವರಿದರೆ ಅಡ್ಡಿಯಿಲ್ಲ, ಆದರೆ ಅಲ್ಲಿಗೇ ನಿಲ್ಲಿಸಬಾರದು, ಮೇಲೆ ಮತ್ತೆ ಪೆನ್ಸಿಲ್ ಬರಬೇಕು.

ಈಗ ರಂಧ್ರಗಳ ವಿಷಯ. ಎಲ್ಲರೂ ಮಾಡುವುದು ಕಪ್ಪು ಚುಕ್ಕೆ ಇಟ್ಟುಕೊಂಡು ಹೋಗುವುದು. ಅದು ರಂಧ್ರದಂತೆ ಕಾಣುವುದಿಲ್ಲ, ಕೊಳೆಯಂತೆ ಕಾಣುತ್ತದೆ. ರಂಧ್ರ ಅಂದರೆ ಗುಂಡಿ. ಬೆಳಕು ಎಡಗಡೆ ಮೇಲಿನಿಂದ ಬರುತ್ತಿದೆ ಅಂದುಕೊಳ್ಳಿ. ಗುಂಡಿಯ ಎಡ ಮೇಲಂಚು ಒಳಗೆ ನೆರಳು ಬೀಳಿಸುತ್ತದೆ. ಬಲ ಕೆಳಗಿನ ಗೋಡೆಗೆ ಬೆಳಕು ನೇರವಾಗಿ ಬಡಿಯುತ್ತದೆ. ಅಂದರೆ ಬೆಳಕು ಬರುವ ಕಡೆಗೆ ಒಂದು ಕಂಡೂ ಕಾಣದ ಕಪ್ಪು ಕಮಾನು, ಅದರ ಎದುರಿಗೆ ಒಂದು ತಿಳಿ ಕಮಾನು. ನಾದಿ ಬೇಕಾದ ಆಕಾರ ಮಾಡಿಕೊಳ್ಳುವ ಮೆತ್ತನೆಯ ರಬ್ಬರ್ ಸಿಗುತ್ತದಲ್ಲ, ನೀಡೆಡ್ ಇರೇಸರ್, ಅದನ್ನು ಸೂಜಿಯಷ್ಟು ಚೂಪು ಮಾಡಿ ಒಮ್ಮೆ ಮುಟ್ಟಿ ತೆಗೆದರೆ ಆ ತಿಳಿ ಕಮಾನು ಬರುತ್ತದೆ. ತಿಕ್ಕಬೇಡಿ, ಮುಟ್ಟಿ ತೆಗೆಯಿರಿ.

ಗುಳ್ಳೆ, ಮಚ್ಚೆ ಉಬ್ಬಿದ್ದರೆ ಇದೇ ಲೆಕ್ಕ ಉಲ್ಟಾ. ಬೆಳಕಿನ ಕಡೆ ತಿಳಿ, ಎದುರಿಗೆ ಕಪ್ಪು. ಎಷ್ಟೋ ಚಿತ್ರಗಳಲ್ಲಿ ರಂಧ್ರ ಉಬ್ಬಿದಂತೆ, ಗುಳ್ಳೆ ತಗ್ಗಿದಂತೆ ಕಾಣುವುದು ಇದನ್ನು ಅದಲು ಬದಲು ಮಾಡಿದ್ದಕ್ಕೆ. ಇನ್ನು ಇಡೀ ಮುಖಕ್ಕೆ ರಂಧ್ರ ಹಾಕಬೇಡಿ ಮಾರಾಯ್ರೇ. ಬೆಳಕು ನೆರಳಿಗೆ ತಿರುಗುವ ಜಾಗದಲ್ಲಿ, ಮೂಗಿನ ಪಕ್ಕ, ಕೆನ್ನೆಯ ಮುಂಭಾಗದಲ್ಲಿ ಅವು ಕಾಣುತ್ತವೆ. ಗಾಢ ನೆರಳಿನಲ್ಲಿ ಕಾಣುವುದೇ ಇಲ್ಲ.

ಸುಮ್ನೆನೋಡೋನು:
ಚಿತ್ರಕಾರನಲ್ಲ, ನೋಡುವವನು ಅಷ್ಟೇ. ಬೂದುಗೆರೆಯವರ ಮನೆಯವರು ಕೇಳಿದ್ದು ಸರಿಯಾದ ಪ್ರಶ್ನೆ ಅಂತ ನನಗನ್ನಿಸುತ್ತದೆ. ಫೋಟೋ ನೋಡಿಕೊಂಡು ಫೋಟೋದ ಹಾಗೇ ಬಿಡಿಸಿದರೆ ಹೊಸದೇನು ಬಂತು? ನಾಲ್ಕು ಗೆರೆಯಲ್ಲಿ ಮನುಷ್ಯನನ್ನು ಹಿಡಿಯುವವರಿದ್ದಾರೆ. ಅದನ್ನು ನೋಡಿದರೆ ಖುಷಿಯಾಗುತ್ತದೆ. ಇದನ್ನು ನೋಡಿದರೆ "ಅಬ್ಬಾ, ಎಷ್ಟು ತಾಳ್ಮೆ" ಅನ್ನಿಸುತ್ತದೆ, ಅಲ್ಲಿಗೆ ಮುಗಿಯಿತು. ಬೇಜಾರು ಮಾಡಿಕೊಳ್ಳಬೇಡಿ.

ಹಳೇಕ್ಯಾಮೆರಾ:
ನಾನು ಫೋಟೋ ತೆಗೆಯುವ ಕಡೆಯಿಂದ ಬಂದವನು, ಹಾಗಾಗಿ ಬಾಯಿ ಹಾಕುತ್ತೇನೆ. ಫೋಟೋ ಅಂದರೆ ಇದ್ದದ್ದು ಇದ್ದ ಹಾಗೆ ಅಂತ ಎಲ್ಲರೂ ನಂಬಿಬಿಟ್ಟಿದ್ದೇವೆ. ಮೊಬೈಲನ್ನು ಮುಖದ ಹತ್ತಿರ ಹಿಡಿದು ತೆಗೆದರೆ ಮೂಗು ದೊಡ್ಡದು, ಕಿವಿ ಚಿಕ್ಕದು. ಅದು ಹತ್ತಿರ ಹೋದದ್ದರ ಫಲ. ಎರಡು ಮೀಟರ್ ದೂರ ನಿಂತು ಜೂಮ್ ಮಾಡಿದರೆ ಮುಖ ನಮಗೆ ಗೊತ್ತಿರುವ ಮುಖದಂತೆ ಬರುತ್ತದೆ. ಮೇಲಾಗಿ ಈಗಿನ ಮೊಬೈಲು ನೆರಳನ್ನು ತಾನಾಗಿ ಎತ್ತುತ್ತದೆ, ಹೊಳಪನ್ನು ತಗ್ಗಿಸುತ್ತದೆ. ಬೂದುಗೆರೆಯವರು ಕಪ್ಪು ಬರುತ್ತಿಲ್ಲ ಅನ್ನುತ್ತಿದ್ದಾರೆ. ಮೂಲ ಫೋಟೋದಲ್ಲೇ ಕಪ್ಪು ಇಲ್ಲದಿರಬಹುದು.

ಇನ್ನೊಂದು ಕಾಟ ಇದೆ. ಚಿತ್ರ ಸ್ಪಷ್ಟ ಕಾಣಲಿ ಅಂತ ಮೊಬೈಲು ಪ್ರತಿ ಅಂಚನ್ನೂ ತೀಡುತ್ತದೆ. ಕಪ್ಪು ಜಾಗ ತಿಳಿ ಜಾಗಕ್ಕೆ ಸೇರುವಲ್ಲಿ ಒಂದು ತೆಳು ಬಿಳಿ ಗೆರೆ ಮೂಡುತ್ತದೆ. ದೊಡ್ಡದು ಮಾಡಿ ನೋಡಿ, ಕೂದಲಿನ ಪಕ್ಕ, ಕಾಲರ್ ಪಕ್ಕ ಸಿಗುತ್ತದೆ. ಅದು ಮುಖದಲ್ಲಿ ಇಲ್ಲ, ಲೆನ್ಸಿನಲ್ಲೂ ಇಲ್ಲ, ಲೆಕ್ಕಾಚಾರದಲ್ಲಿ ಹುಟ್ಟಿದ್ದು. ಆನ್‌ಲೈನ್‌ನಲ್ಲಿ ಹಾಕುವ ಎಷ್ಟೋ ಪೆನ್ಸಿಲ್ ಚಿತ್ರಗಳಲ್ಲಿ ಆ ಗೆರೆಯನ್ನೂ ಶ್ರದ್ಧೆಯಿಂದ ಬಿಡಿಸಿರುತ್ತಾರೆ! ಮುಖ ಹಿನ್ನೆಲೆಗೆ ಅಂಟಿಸಿದಂತೆ ಕಾಣುವುದು ಅದಕ್ಕೇ.

ಸುಮ್ನೆನೋಡೋನು ಅವರಿಗೆ: ಅಮೆರಿಕದ ಚಿತ್ರಕಾರ ಚಕ್ ಕ್ಲೋಸ್ 1967-68ರಲ್ಲಿ ತಮ್ಮದೇ ಮುಖವನ್ನು ಸುಮಾರು 2.7 ಮೀಟರ್ ಎತ್ತರಕ್ಕೆ ಕಪ್ಪು ಬಿಳುಪಿನಲ್ಲಿ ಬರೆದರು. ಅದು ಪೆನ್ಸಿಲ್ ಅಲ್ಲ, ಅಕ್ರಿಲಿಕ್ ಬಣ್ಣ. ಫೋಟೋದಲ್ಲಿ ಫೋಕಸ್ ತಪ್ಪಿದ ಜಾಗಗಳನ್ನು ಅವರು ಮಸುಕಾಗಿಯೇ ಬಿಟ್ಟರು. ಅಂದರೆ ಮುಖದ ಜೊತೆಗೆ ಕ್ಯಾಮೆರಾ ನೋಡುವ ರೀತಿಯನ್ನೂ ಬರೆದರು. ಅವರಿಗೆ ಮುಖ ನೋಡಿ ಯಾರೆಂದು ಗುರುತು ಹಿಡಿಯಲಾಗದ ತೊಂದರೆಯಿತ್ತು. ಚಪ್ಪಟೆ ಚಿತ್ರವಾದರೆ ಮುಖ ನೆನಪಿನಲ್ಲಿ ಉಳಿಯುತ್ತದೆ ಎಂದು ತಾವೇ ಹೇಳಿಕೊಂಡಿದ್ದರು. ಅಂಥವರಿಗೆ ಫೋಟೋ ನಕಲು ಅನ್ನುವುದು ತಾಳ್ಮೆಯ ಪ್ರದರ್ಶನ ಆಗಿರಲಿಲ್ಲ.

ಸುಮ್ನೆನೋಡೋನು:
ಇದು ಗೊತ್ತಿರಲಿಲ್ಲ, ಚೆನ್ನಾಗಿದೆ. ಆದರೆ ಅಂಥವರು ಎಷ್ಟು ಜನ? ನನಗೆ ಕಾಣಿಸುವುದೆಲ್ಲ ಸಿನಿಮಾ ನಟರ ಮುಖ, ಮುಖದ ಮೇಲೆ ನೀರಿನ ಹನಿ, ಪಕ್ಕದಲ್ಲಿ ಪೆನ್ಸಿಲ್ ಇಟ್ಟು ತೆಗೆದ ಫೋಟೋ. ಹನಿ ಯಾಕೆ ಅಂತ ಕೇಳಿದರೆ ಉತ್ತರ ಇಲ್ಲ.

ಎರಡುಬಿ:
ಹನಿ ಯಾಕೆ ಅಂದರೆ ಅದು ಸುಲಭ, ಸಾರ್! ಒಂದು ಹನಿ ಕಲಿತರೆ ನೂರು ಹನಿ ಹಾಕಬಹುದು. ಬೆಳಕು ಬರುವ ಕಡೆ ಒಂದು ಬಿಳಿ ಚುಕ್ಕೆ, ಹನಿಯ ಒಳಗೆ ಆ ಕಡೆಯೇ ಕಪ್ಪು, ಎದುರು ಕಡೆ ತಿಳಿ, ಕೆಳಗೆ ಸಣ್ಣ ನೆರಳು. ಮುಗಿಯಿತು. ಹನಿ ಇಲ್ಲದ, ಸಪ್ಪೆ ಬೆಳಕಿನ, ಒಣ ಕೆನ್ನೆ ಬಿಡಿಸುವುದು ಅದಕ್ಕಿಂತ ಕಷ್ಟ.

ಕಣ್ಣಳತೆ:
ಅಮೆರಿಕದ ಕಲಾವಿದೆ ವಿಯಾ ಸೆಲ್ಮಿನ್ಸ್ ಅವರ ಸಮುದ್ರದ ಚಿತ್ರಗಳನ್ನು ಸುಮ್ನೆನೋಡೋನು ಅವರು ಒಮ್ಮೆ ನೋಡಬೇಕು. 1968ರ ಸುಮಾರಿಗೆ ಶುರು ಮಾಡಿದ್ದು, ಬರೀ ಗ್ರಾಫೈಟ್. ತಾವೇ ತೆಗೆದ ಫೋಟೋಗಳಿಂದ ಬಿಡಿಸಿದ್ದು. ಹಾಳೆ ತುಂಬ ಅಲೆಗಳು. ದಡ ಇಲ್ಲ, ದೋಣಿ ಇಲ್ಲ, ಬಾನಂಚೂ ಇಲ್ಲ. ತೋರಿಸಿಕೊಳ್ಳುವಂಥದ್ದು ಒಂದೂ ಇಲ್ಲ. ಫೋಟೋ ಆಗಿದ್ದರೆ ಕ್ಷಣದಲ್ಲಿ ದಾಟಿ ಹೋಗುತ್ತಿದ್ದೆವು. ಯಾರೋ ಕೂತು ಒಂದೊಂದು ಅಲೆಯನ್ನೂ ನೋಡಿದ್ದಾರೆ ಅಂತ ಗೊತ್ತಾದಾಗ ನಾವೂ ನಿಲ್ಲುತ್ತೇವೆ.

ಇರಲಿ. ನಾನು ಬಂದದ್ದು ಬೇರೆ ಪ್ರಶ್ನೆಗೆ. ಬೂದುಗೆರೆಯವರೇ, ಹೋಲಿಕೆ ಹೇಗೆ ತಂದಿರಿ? ಗ್ರಿಡ್, ಅಂದರೆ ಫೋಟೋ ಮೇಲೂ ಹಾಳೆ ಮೇಲೂ ಚೌಕದ ಗೆರೆ, ಹಾಕಿದಿರಾ?

ಬೂದುಗೆರೆ:
ಹೌದು, ಗ್ರಿಡ್. ಎರಡು ಸೆಂಟಿಮೀಟರ್ ಚೌಕ. ಕೆಲವರು ಅದು ಮೋಸ ಅನ್ನುತ್ತಾರೆ, ಅದಕ್ಕೇ ಮೊದಲು ಹೇಳಲಿಲ್ಲ.

ಕಣ್ಣಳತೆ:
ಮೋಸ ಅಂತೇನೂ ಇಲ್ಲ. ಜರ್ಮನಿಯ ಚಿತ್ರಕಾರ ಡ್ಯೂರರ್ 1525ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲೇ, ಗಾಜಿನ ಹಿಂದೆ ಕೂತವರ ಮುಖವನ್ನು ಗಾಜಿನ ಮೇಲೆ ಬರೆದುಕೊಳ್ಳುವ ಚಿತ್ರವಿದೆ. ಚಕ್ ಕ್ಲೋಸ್ ಕೂಡ ಗ್ರಿಡ್ ಹಾಕಿಯೇ ಮಾಡುತ್ತಿದ್ದದ್ದು. ನನ್ನ ತಕರಾರು ಬೇರೆ. ಗ್ರಿಡ್‌ನಲ್ಲಿ ಚೌಕ ಚೌಕವಾಗಿ ಮುಗಿಸಿಕೊಂಡು ಹೋದರೆ ಎಡಗಣ್ಣಿನ ಕಪ್ಪಿಗೂ ಬಲಗಣ್ಣಿನ ಕಪ್ಪಿಗೂ ಸಂಬಂಧ ಇರುವುದಿಲ್ಲ. ಪ್ರತಿ ಚೌಕವೂ ತನ್ನಷ್ಟಕ್ಕೆ ಸರಿ, ಒಟ್ಟು ಮುಖ ಚಪ್ಪಟೆ. ಮೊದಲು ಇಡೀ ಮುಖಕ್ಕೆ ನೆರಳಿನ ದೊಡ್ಡ ಭಾಗಗಳನ್ನು ತೆಳುವಾಗಿ ತುಂಬಿ. ಆಮೇಲೆ ವಿವರಕ್ಕೆ ಹೋಗಿ.

ರಬ್ಬರ್‌ಪುಡಿ:
ಇಲ್ಲಿ ನಾನು ಒಪ್ಪುವುದಿಲ್ಲ. ಇಡೀ ಹಾಳೆಗೆ ಮೊದಲೇ ತೆಳು ಗ್ರಾಫೈಟ್ ಹರಡಿದರೆ, ಕೆಲಸ ಮುಗಿಯುವ ಹೊತ್ತಿಗೆ ಕೈ ತಾಗಿ ತಾಗಿ ಅರ್ಧ ಅಳಿಸಿರುತ್ತದೆ. ಹಾಳೆಯ ಬಿಳಿ ಕೂಡ ಮಾಸಿರುತ್ತದೆ. ಬಲಗೈಯವರು ಎಡ ಮೇಲ್ಮೂಲೆಯಿಂದ ಶುರು ಮಾಡಿ ಮುಗಿಸಿಕೊಂಡು ಬಂದರೆ ಚೊಕ್ಕ. ಟೋನ್ ಪಟ್ಟಿ ಪಕ್ಕದಲ್ಲಿದ್ದರೆ ಕಪ್ಪು ತಪ್ಪುವುದಿಲ್ಲ.

ಕಣ್ಣಳತೆ:
ಪಟ್ಟಿ ಇದ್ದರೂ ತಪ್ಪುತ್ತದೆ, ಕಣ್ಣು ದಿನಕ್ಕೊಂದು ಥರ ನೋಡುತ್ತದೆ. ಹೋಗಲಿ, ಒಂದು ಮಧ್ಯದ ದಾರಿ. ಅಂಗೈ ಅಗಲದ ಕಾಗದದಲ್ಲಿ ಇಡೀ ಮುಖವನ್ನು ನಾಲ್ಕೇ ಟೋನ್‌ನಲ್ಲಿ ಬಿಡಿಸಿ ಎದುರಿಗೆ ಅಂಟಿಸಿಕೊಳ್ಳಿ. ದೊಡ್ಡ ಹಾಳೆಯಲ್ಲಿ ನಿಮಗೆ ಬೇಕಾದ ಕಡೆಯಿಂದ ಶುರು ಮಾಡಿ.

ರಬ್ಬರ್‌ಪುಡಿ:
ಇದಕ್ಕೆ ನನ್ನ ಒಪ್ಪಿಗೆ ಇದೆ.

ಕೊರೆದಸೀಸ:
ಗ್ರಿಡ್ ಗೆರೆ ಒತ್ತಿ ಎಳೆದರೆ ಹಾಳೆಯಲ್ಲಿ ಗೀರು ಬೀಳುತ್ತದೆ. ರಬ್ಬರ್ ಹಾಕಿದರೆ ಗೆರೆ ಹೋಗುತ್ತದೆ, ಗೀರು ಹೋಗುವುದಿಲ್ಲ. ಮೇಲೆ ಶೇಡ್ ಮಾಡಿದಾಗ ಬಿಳಿ ದಾರದಂತೆ ಎದ್ದು ಕಾಣುತ್ತದೆ. ಎಚ್‌ಬಿಯಲ್ಲಿ ಹಗುರವಾಗಿ ಎಳೆಯಿರಿ, ಎಚ್ ಕಡೆಯ ಗಟ್ಟಿ ಪೆನ್ಸಿಲ್ ಬೇಡವೇ ಬೇಡ.

ಅದೇ ಗೀರನ್ನು ಬೇಕು ಅಂತಲೇ ಬಳಸಬಹುದು. ದೊಡ್ಡಪ್ಪನಿಗೆ ಬಿಳಿ ಗಡ್ಡ, ಬಿಳಿ ಹುಬ್ಬು ಇದ್ದರೆ ಇಂಕ್ ಖಾಲಿಯಾದ ಬಾಲ್‌ಪೆನ್ನಿನಿಂದ ಮೊದಲೇ ಕೂದಲು ಗೀರಿ. ಮೇಲೆ ಪೆನ್ಸಿಲ್ ಅಡ್ಡ ಹಿಡಿದು ಶೇಡ್ ಮಾಡಿದರೆ ಗೀರುಗಳೊಳಗೆ ಗ್ರಾಫೈಟ್ ಇಳಿಯುವುದಿಲ್ಲ, ಬಿಳಿ ಕೂದಲು ಉಳಿಯುತ್ತದೆ. ತಪ್ಪಿದರೆ ಸರಿ ಮಾಡಲು ಬರುವುದಿಲ್ಲ, ಬೇರೆ ಚೂರಿನಲ್ಲಿ ಕೈ ಪಳಗಿಸಿಕೊಂಡು ಹೋಗಿ. ಅಂಜಿಕೆಯಿದ್ದರೆ ಟಾಂಬೋ ಮೋನೋ ಝೀರೋ ಅಂತ 2.3 ಮಿ.ಮೀ. ದಪ್ಪದ ರಬ್ಬರ್ ಪೆನ್ ಇದೆ. ತುದಿಯನ್ನು ಬ್ಲೇಡಿನಿಂದ ಓರೆಯಾಗಿ ಕತ್ತರಿಸಿದರೆ ಒಂದೊಂದೇ ಕೂದಲು ಎತ್ತಬಹುದು.

ಬೂದುಗೆರೆ:
ಎಲ್ಲರಿಗೂ ಧನ್ಯವಾದ. ಹಳೇಕ್ಯಾಮೆರಾ ಅವರು ಹೇಳಿದ ಬಿಳಿ ಗೆರೆ ನಮ್ಮ ಫೋಟೋದಲ್ಲಿ ಕಿವಿಯ ಸುತ್ತ ಸಿಕ್ಕಿತು. ಅಲ್ಲಿಗೆ ನಾನಿನ್ನೂ ಬಂದಿಲ್ಲ, ಬಚಾವ್. ಅಂಚನ್ನು ಹಾಗಾದರೆ ಹೇಗೆ ಬಿಡಿಸಲಿ? ಮುಗಿದ ಮೇಲೆ ಮೇಲೆ ಏನಾದರೂ ಸಿಂಪಡಿಸಬೇಕಾ?

ಹಳೇಕ್ಯಾಮೆರಾ:
ಕಿವಿ ಕಣ್ಣಿಗಿಂತ ಹಿಂದೆ ಇದೆ. ಕಣ್ಣಿನ ಅಂಚಿನಷ್ಟು ಖಡಕ್ ಆಗಿ ಕಿವಿಯ ಅಂಚು ಬೇಡ. ನೆರಳಿನ ಕಡೆ ಕಿವಿಯೂ ಕೂದಲೂ ಒಂದೇ ಟೋನ್ ಆಗಿದ್ದರೆ ಅಂಚು ಕರಗಿ ಹೋಗಲಿ ಬಿಡಿ. ಎಲ್ಲ ಅಂಚೂ ಒಂದೇ ಸಮ ಚೂಪಾಗಿದ್ದರೆ ಕಣ್ಣಿಗೆ ಎಲ್ಲಿ ನೋಡಬೇಕೋ ತಿಳಿಯುವುದಿಲ್ಲ. ಪೆನ್ಸಿಲ್‌ನವರಿಗೆ ನನ್ನ ಹೊಟ್ಟೆಕಿಚ್ಚು ಇರುವುದು ಇಲ್ಲೇ. ಯಾವುದು ಕರಗಬೇಕು ಅಂತ ನೀವು ಅಂಚಂಚಿಗೂ ತೀರ್ಮಾನ ಮಾಡಬಹುದು. ಮನೆಯವರಿಗೆ ಇದನ್ನೇ ಹೇಳಿ.

ಕೊರೆದಸೀಸ:
ಸಿಂಪಡಿಸುವುದಕ್ಕೆ ಫಿಕ್ಸೆಟಿವ್ ಇದೆ, ಪುಡಿಯನ್ನು ಹಾಳೆಗೆ ಹಿಡಿದಿಡುವ ಸ್ಪ್ರೇ. ಇದ್ದಿಲು ಬಳಸಿದರೆ ಬೇಕಾಗುತ್ತದೆ, ಇಲ್ಲದಿದ್ದರೆ ಉದುರುತ್ತದೆ. ಬರೀ ಗ್ರಾಫೈಟ್ ಆದರೆ ಕಡ್ಡಾಯವಲ್ಲ. ಟೋನ್ ಸ್ವಲ್ಪ ಬದಲಾಗಬಹುದು, ಆಮೇಲೆ ರಬ್ಬರ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಹೊಡೆಯುವುದಾದರೆ ಕಿಟಕಿ ತೆರೆದು, ದೂರದಿಂದ, ತೆಳುವಾಗಿ. ಹಾಳಾಗುವುದು ಗ್ರಾಫೈಟ್ ಅಲ್ಲ, ಹಾಳೆ. ಆಸಿಡ್ ಇರುವ ಹಾಳೆ ವರ್ಷ ಕಳೆದಂತೆ ಹಳದಿಯಾಗುತ್ತದೆ, ಆಸಿಡ್ ಫ್ರೀ ಅಂತ ಬರೆದಿದೆಯಾ ನೋಡಿಕೊಳ್ಳಿ. ಫ್ರೇಮ್ ಹಾಕುವಾಗ ಗಾಜು ಚಿತ್ರಕ್ಕೆ ತಾಗದಂತೆ ನಡುವೆ ಮೌಂಟ್ ಬೋರ್ಡ್ (ಚಿತ್ರದ ಸುತ್ತ ಅಂಚಿನಂತೆ ಕೂರುವ ದಪ್ಪ ರಟ್ಟು) ಇರಲಿ.

ಸುಮ್ನೆನೋಡೋನು:
ನಟರ ಮುಖ ಬಿಡಿಸುವವರಿಗೂ ಒಂದು ಮಾತು ಹೇಳಿ. ಆ ಫೋಟೋ ತೆಗೆದವರ ಹೆಸರನ್ನು ಯಾರೂ ಹಾಕುವುದಿಲ್ಲ.

ಹಳೇಕ್ಯಾಮೆರಾ:
ಇದನ್ನು ನೀವೇ ಎತ್ತಿದ್ದಕ್ಕೆ ಖುಷಿಯಾಯಿತು. ಮನೆಯಲ್ಲಿ ಕೂತು ಕೈ ಪಳಗಿಸಿಕೊಳ್ಳಲು ಯಾವ ಫೋಟೋ ನೋಡಿ ಬಿಡಿಸಿದರೂ ಯಾರೂ ಜಗಳಕ್ಕೆ ಬರುವುದಿಲ್ಲ. ಮಾರುವುದು, ಪ್ರಿಂಟ್ ಹಾಕಿಸುವುದು, ಸ್ಪರ್ಧೆಗೆ ಕಳಿಸುವುದು ಅಂದರೆ ಫೋಟೋ ತೆಗೆದವರ ಒಪ್ಪಿಗೆ ಕೇಳಬೇಕು. ಬೆಳಕು, ಕೋನ, ಆ ಕ್ಷಣ, ಎಲ್ಲ ಅವರು ಆರಿಸಿದ್ದು. ಬೂದುಗೆರೆಯವರು ತಾವೇ ತೆಗೆದಿದ್ದಾರೆ, ಅವರಿಗೆ ಆ ತಲೆನೋವಿಲ್ಲ.

ಬೂದುಗೆರೆ:
ಕಡೆಯದೊಂದು ಪ್ರಶ್ನೆ. ದೊಡ್ಡಪ್ಪ ಓದುವ ಕನ್ನಡಕ ಹಾಕಿಕೊಂಡಿದ್ದಾರೆ. ಫ್ರೇಮ್ ಬಿಡಿಸಿದೆ, ಗಾಜಿನ ಹೊಳಪೂ ಹಾಕಿದೆ. ಆದರೂ ಗಾಜು ಇದೆ ಅಂತ ಅನ್ನಿಸುತ್ತಿಲ್ಲ.

ಕಣ್ಣಳತೆ:
ಹೊಳಪಿಗಿಂತ ಮುಖ್ಯವಾದದ್ದು ಕೆನ್ನೆಯ ಅಂಚು. ಮುಖ ಸ್ವಲ್ಪ ಪಕ್ಕಕ್ಕೆ ತಿರುಗಿದ್ದರೆ, ದೂರದ ಕಡೆಯ ಗಾಜಿನೊಳಗೆ ಕೆನ್ನೆಯ ಹೊರಗೆರೆ ಎಲ್ಲಿದೆ ನೋಡಿ. ಓದುವ ಕನ್ನಡಕದ ಪ್ಲಸ್ ಗಾಜಾದರೆ ಒಳಗಿನದೆಲ್ಲ ದೊಡ್ಡದಾಗುತ್ತದೆ, ಆ ಗೆರೆ ಗಾಜಿನೊಳಗೆ ಹೊರಕ್ಕೆ ಸರಿದಿರುತ್ತದೆ. ಮೈನಸ್ ಗಾಜಾದರೆ ಒಳಕ್ಕೆ. ಫ್ರೇಮಿನ ಮೇಲೆ, ಕೆಳಗೆ ಗೆರೆ ಒಂದು ಕಡೆ, ಗಾಜಿನೊಳಗೆ ಇನ್ನೊಂದು ಕಡೆ. ನಮ್ಮ ಕೈ ಅದನ್ನು ತಾನಾಗಿ ನೇರ ಮಾಡಿಬಿಡುತ್ತದೆ, ಮುಖದ ಗೆರೆ ಮುರಿಯುವುದು ನಮಗೆ ಇಷ್ಟವಿಲ್ಲ. ಫೋಟೋದಲ್ಲಿ ಎಷ್ಟು ಮುರಿದಿದೆಯೋ ಅಷ್ಟೇ ಮುರಿಯಿರಿ. ಕಣ್ಣೂ ಇನ್ನೊಂದಿಷ್ಟು ದೊಡ್ಡದಿರಬೇಕು, ಗ್ರಿಡ್‌ನಲ್ಲಿ ಇನ್ನೊಮ್ಮೆ ಅಳೆದು ನೋಡಿ. ಫ್ರೇಮಿನ ಕೆಳಗೆ ಕೆನ್ನೆ ಮೇಲೆ ಅದರ ನೆರಳು ಬಿದ್ದಿರುತ್ತದೆ, ಅದು ಬಿಟ್ಟು ಹೋಗದಿರಲಿ.